ಅಪ್ಪನ ಹಲ್ಲಿನ ಸಂದು

ಬೆಳಿಗ್ಗೆ ರೊಟ್ಟಿ ಕಚ್ಚಿದಾಗ ಮೇಲಿನ ಮುಂದಿನ ಹಲ್ಲು ಅಲುಗಿತು. ನೋವಿರಲಿಲ್ಲ. ಪಕ್ಕದ್ದೂ ಸಡಿಲವಾಗಿತ್ತು. ಪಾಂಡವಪುರದ ಡೆಂಟಿಸ್ಟ್ ಎಕ್ಸ್‌ರೇ ನೋಡಿ, ವಸಡಿನ ಇನ್‌ಫೆಕ್ಷನ್ ಮೂಳೆಯವರೆಗೂ ಇಳಿದಿದೆ, ಎರಡನ್ನೂ ಕೀಳಬೇಕು ಎಂದರು.

ನನಗಿನ್ನೂ ಮೂವತ್ತೆಂಟು.

ಆ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದಿತ್ತು. ಅಪ್ಪನಿಂದ ಬಂದದ್ದು. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಪದ್ಯ ಒಪ್ಪಿಸುವಾಗ ಅದರಲ್ಲಿ ಗಾಳಿ ನುಸುಳಿ ಸೀಟಿಯಾಗುತ್ತಿತ್ತು; ಮುಚ್ಚಿಬಿಡು ದೇವರೇ ಎಂದು ಬೇಡಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ, ತವರು ಅಕ್ಕಿಹೆಬ್ಬಾಳಿಗೆ ಹೋದಾಗಲೆಲ್ಲ ಅವ್ವ ನನ್ನನ್ನು ಹೇಗಾದರೂ ನಗಿಸಿ, ಬಾಯನ್ನೇ ನೋಡುತ್ತ ಕೂರುತ್ತಿದ್ದಳು.

ಹಲ್ಲು ಕಿತ್ತ ಗಾಯ ಮಾಗುವವರೆಗೆ ಬಾಯಿಗೆ ಸೆರಗು ಅಡ್ಡ. ಆಮೇಲೆ ತೆಗೆದು ಹಾಕಿಕೊಳ್ಳುವ ಹಲ್ಲಿನ ಸೆಟ್ಟಿಗೆ ಅಳತೆಯಾಯಿತು. ಟ್ರಯಲ್ ದಿನ ಡಾಕ್ಟರು ಕನ್ನಡಿ ಹಿಡಿದು, "ಸಂದು ಮುಚ್ಚಿಸಿದ್ದೀನಿ ಕಣಮ್ಮ, ಹೆಂಗಿದೆ?" ಎಂದರು. ಅಷ್ಟು ಮುತುವರ್ಜಿಯಿಂದ ಮಾಡಿದವರಿಗೆ ಬೇಡ ಎನ್ನುವುದು ಹೇಗೆ?

"ಚೆನ್ನಾಗಿದೆ ಡಾಕ್ಟ್ರೇ" ಎಂದುಬಿಟ್ಟೆ.

ನಿಜಕ್ಕೂ ಚೆನ್ನಾಗಿತ್ತು. ಬಿಳುಪು, ಸಾಲು, ಎಲ್ಲ. ನಮ್ಮ ಯಜಮಾನರು ವಯಸ್ಸು ಹತ್ತು ವರ್ಷ ಇಳಿಯಿತು ಎಂದರು. ಊರಿಗೆ ಹೋದಾಗ ಅವ್ವ ಮಾತ್ರ ಒಮ್ಮೆ ನೋಡಿ, "ಚೆಂದಾಗೈತೆ ಬುಡು" ಎಂದು ಒಲೆಯ ಕಡೆ ತಿರುಗಿದಳು.

ಆ ಸಲ ಅವಳು ನನ್ನನ್ನು ನಗಿಸಲಿಲ್ಲ.

ಹದಿನೈದು ದಿನ ತಡೆದು, ಕೊನೆಗೆ ಕ್ಲಿನಿಕ್ಕಿಗೆ ಹೋಗಿ, ಹಳೆಯ ಸಂದೇ ಬೇಕು ಎಂದೆ. ಡಾಕ್ಟರು ಕನ್ನಡಕ ತೆಗೆದು ನೋಡಿದರು. "ಎಲ್ರೂ ಸಂದು ಮುಚ್ಚಿ ಅಂತ ಬರ್ತಾರೆ. ಸರಿ, ಹಳೇ ಫೋಟೋ ತನ್ನಿ."

ಆಲ್ಬಮ್ಮೆಲ್ಲ ಹುಡುಕಿದೆ. ಮದುವೆ ಫೋಟೋಗಳಲ್ಲೆಲ್ಲ ಬಾಯಿ ಮುಚ್ಚಿದ್ದೇನೆ. ಮದುವಣಗಿತ್ತಿ ಹಲ್ಲು ಬಿಡಬಾರದೆಂದು ಸೋದರತ್ತೆ ಪಕ್ಕದಲ್ಲೇ ಕಾವಲು ನಿಂತಿದ್ದರು. ಅಪ್ಪನದು ಒಂದೇ ಫೋಟೋ. ಅದರಲ್ಲಿ ಮೀಸೆಯಷ್ಟೇ ಕಾಣುತ್ತದೆ.

ಉಳಿದವನು ನಾಗಮಂಗಲದಲ್ಲಿ ಕೆಲಸಕ್ಕಿರುವ ತಮ್ಮ ಶಿವಣ್ಣ. ಅವನಿಗೂ ಅದೇ ಸಂದು, ದಪ್ಪ ಮೀಸೆಯ ಕೆಳಗೆ. ಕಾರ್ಡು ಬರೆದು ಕರೆಸಿ, ಡಾಕ್ಟರ ಕುರ್ಚಿಯಲ್ಲಿ ಕೂರಿಸಿದೆ.

"ಅಳ್ತೆ ತಗಳಿ ಡಾಕ್ಟ್ರೇ, ಹಲ್ ಮಾತ್ರ ಕಿತ್ಕಬ್ಯಾಡಿ. ನಮ್ಮಕ್ಕ ಚಿಕ್ಕೋಳಿದ್ದಾಗಿಂದ್ಲೂ ನನ್ ಸಾಮಾನೆಲ್ಲ ಕಿತ್ಕಂಡೇ ಬೆಳ್ದವ್ಳೆ" ಎಂದ.

ಎರಡನೆಯ ಸೆಟ್ ಬಂತು. ಕ್ಲಿಪ್ ಇನ್ನೂ ವಸಡಿಗೆ ಒತ್ತುತ್ತದೆ. ಸಂದು ಒಂದೆಳೆ ಅಗಲವಾಯಿತೇನೋ ಎಂಬ ಅನುಮಾನವೂ ಇದೆ. ಕಬ್ಬು ಸಿಗಿಯುವ ಆಸೆಯನ್ನಂತೂ ಬಿಟ್ಟಿದ್ದೇನೆ.

ಹೋದ ವಾರ ಅಕ್ಕಿಹೆಬ್ಬಾಳಿಗೆ ಹೋದೆ. ಅವ್ವ ಹುರುಳಿ ಹಸನು ಮಾಡುತ್ತಿದ್ದಳು. ಶಿವಣ್ಣ ಬಾಯಿ ತೆರೆದು ಕೂತ ಚೆಂದವನ್ನು ಹೇಳುತ್ತ ಹೇಳುತ್ತ ನಾನೇ ನಕ್ಕುಬಿಟ್ಟೆ. ಮೊರದ ಮೇಲೆ ಅವ್ವನ ಕೈ ನಿಂತಿತು.

"ಏನಂದೆ ಮಗ? ಇನ್ನೊಂದ್ಸಲ ಯೋಳು."

ಅವಳಿಗೆ ಎಲ್ಲ ಕೇಳಿಸಿತ್ತು. ಆದರೂ ಮೊದಲಿನಿಂದ ಹೇಳಿದೆ.