ನಾನು ಬರೆಸದ ಅತ್ತಿಗೆ

ಮಕ್ಕಳೇ, ನಿಮ್ಮ ಅಪ್ಪನ ಅಮ್ಮ, ನೀವು ಫಾರ್ಮೋರ್ ಎಂದು ಕರೆಯುವವರು, ಐರ್ಲೆಂಡಿನಿಂದ ಈ ದೇಶಕ್ಕೆ ಓದಲು ಬಂದು ಲುಂಡ್ ಊರಿನಲ್ಲೇ ನಿಂತವರು. ನನಗೆ ಬೀಗಿತ್ತಿ. ಅವರ ಎದುರು ನನಗೆ ಮಾತು ಹೊರಡುವುದಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು, ಅವರ ಇಂಗ್ಲಿಷ್ ಅರ್ಧ ತಿಳಿಯುತ್ತದೆ, ಮರುಮಾತು ಆಡಲು ಬಾರದು. ಹಾಗಾಗಿ ನಾವಿರುವ ಹೆಲ್ಸಿಂಗ್‌ಬೋರ್ಯ್‌ನಿಂದ ಎಲ್ಲರೂ ಅವರ ಮನೆಗೆ ಹೋದಾಗ ಲೋಟ ತೊಳೆಯುವ ನೆಪ ಮಾಡಿ ಸಿಂಕಿನ ಹತ್ತಿರ ನಿಂತುಬಿಡುತ್ತೇನೆ. ಆ ಭಾನುವಾರ ಅವರು ಬಿಡಲಿಲ್ಲ. ಒದ್ದೆ ಕೈಯನ್ನೇ ಹಿಡಿದುಕೊಂಡು ಹೋಗಿ ಮೇಜಿನ ಮುಂದೆ ಕೂರಿಸಿದರು.

ಮೇಜಿನ ತುಂಬ ಕಾಗದ. ತಮ್ಮ ಮುತ್ತಜ್ಜಿಗೆ ಒಬ್ಬ ಅಕ್ಕ ಇದ್ದಳಂತೆ, ಅವಳನ್ನು ಹುಡುಕುತ್ತಿದ್ದರು. ಆ ಕಾಲದ ಜನಗಣತಿ ಪುಸ್ತಕಗಳು ಈಗ ಇಲ್ಲ. ಕೆಲವು ಡಬ್ಲಿನ್‌ನಲ್ಲಿ ಬೆಂಕಿಗೆ ಹೋದವು, ಕೆಲವನ್ನು ಆಗಿನ ಸರ್ಕಾರವೇ ರದ್ದಿಗೆ ಹಾಕಿತು. ಚರ್ಚಿನಲ್ಲಿ ಮಗುವಿಗೆ ಹೆಸರಿಟ್ಟ ಪುಸ್ತಕದಲ್ಲಿ ಆ ಅಕ್ಕ ಒಂದು ಸಲ ಸಿಗುತ್ತಾಳೆ. ಆಮೇಲೆ ಅವಳ ಮದುವೆಯೂ ಇಲ್ಲ, ಸಾವೂ ಇಲ್ಲ. ಉಳಿದಿರುವುದು ಜಮೀನಿನ ಪಟ್ಟಿ, ಅದು ಬಿಟ್ಟರೆ ನಾಯಿ ಸಾಕುವವರ ಲೈಸೆನ್ಸ್ ಪುಸ್ತಕ. ಅದರ ಪ್ರತಿಯನ್ನು ನನ್ನ ಮುಂದಿಟ್ಟರು. ನಿಮ್ಮಲ್ಲಿ ದೊಡ್ಡವಳು ನನಗೆ ಕನ್ನಡದಲ್ಲಿ ಹೇಳಿದಳು.

"ಅಜ್ಜಿ, ಇದು ಆ ಅಕ್ಕನ ಅಪ್ಪ. ಇದು ನಾಯಿ. ಗಂಡು, ಬ್ರೌನ್ ಕಲರ್. ಹುಡುಗಿ ಇಲ್ಲ."

"ನಾಯಿ ಬಣ್ಣ ಬರ್ದಿದಾರೆ, ಮಗಳ ಹೆಸ್ರು ಬರ್ದಿಲ್ಲ. ಚೆನ್ನಾಗಿದೆ ಕಣೇ!" ಎಂದು ನಿಮ್ಮ ಅಮ್ಮ ನಕ್ಕಳು.

ಫಾರ್ಮೋರ್ ಕೂಡ ನಕ್ಕರು. ಆಮೇಲೆ ಕನ್ನಡಕ ತೆಗೆದು ಏನೋ ಮೆಲ್ಲಗೆ ಹೇಳಿದರು.

"ಸೆನ್ಸಸ್ ಇದ್ರೆ ಸಿಗ್ತಿದ್ಳು ಅಂತೆ," ಎಂದಳು ದೊಡ್ಡವಳು. "ಯಾಕಂದ್ರೆ ಯಾರೋ ಡೋರ್‌ಗೆ ಬಂದು ಕೇಳ್ತಾರೆ, ಮನೆಯವರು ಎಲ್ಲರ ಹೆಸರೂ ಹೇಳ್ತಾರೆ."

ಅಷ್ಟರಲ್ಲಿ ಫಾರ್ಮೋರ್ ಒಂದು ದೊಡ್ಡ ಹಾಳೆ ಬಿಡಿಸಿದರು. ಎಡಗಡೆ ಅವರ ಕಡೆಯವರು, ಬಲಗಡೆ ಖಾಲಿ. ಈಗ ನಿಮ್ಮ ಕಡೆ, ಎಂದು ಪೆನ್ಸಿಲ್ ಹಿಡಿದರು. ನಿಮ್ಮ ತಾತನ ಅಪ್ಪ ಅಮ್ಮನ ಹೆಸರು ಹೇಳಿದೆ. ಅವರಿಗೆ ಮಕ್ಕಳೆಷ್ಟು ಎಂದು ಕೇಳಿದರು. ನಾನು ಎರಡು ಬೆರಳು ತೋರಿಸಿದೆ. ನಿಮ್ಮ ತಾತ, ಅವರ ತಮ್ಮ. ಅಷ್ಟೇ. "ಅಜ್ಜಿ ಲಕ್ಕಿ ಅಂತೆ," ಎಂದಳು ದೊಡ್ಡವಳು, "ಪೇಪರ್ ಬೇಡ, ಎಲ್ಲ ನೆನಪಿದೆ."

ನಿಜವಾಗಿ ತಾತನ ಅಪ್ಪ ಅಮ್ಮನಿಗೆ ಮೂವರು ಮಕ್ಕಳು. ಮೊದಲನೆಯವರು ಮಗಳು, ನನ್ನ ಅತ್ತಿಗೆ.

ಅತ್ತಿಗೆಗೆ ಮೂರ್ಛೆ ಬರುತ್ತಿತ್ತು. ಮದುವೆಯಾದ ಆರು ತಿಂಗಳಿಗೇ ಗಂಡನ ಮನೆಯವರು ಕರೆತಂದು ಬಿಟ್ಟುಹೋಗಿದ್ದರು. ನಾನು ಸೊಸೆಯಾಗಿ ಬಂದಾಗ ನನಗೆ ಹದಿನೇಳು, ರಾಗಿ ಮುದ್ದೆ ಕಟ್ಟಲೂ ಬರುತ್ತಿರಲಿಲ್ಲ. ಅತ್ತೆಯ ಕಣ್ಣಿಗೆ ಬೀಳದ ಹಾಗೆ ನನ್ನ ಗಂಟು ಮುದ್ದೆಯನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ತಾವು ಕಟ್ಟಿದ್ದನ್ನು ಎಲ್ಲರಿಗೂ ಬಡಿಸುತ್ತಿದ್ದವರು ಅವರು. ನಿಮ್ಮ ಅಮ್ಮ ಹುಟ್ಟಿದ ಮೇಲೆ ಅವರ ಸೊಂಟದಿಂದ ಇಳಿದದ್ದೇ ಕಡಿಮೆ.

ಆ ವರ್ಷ ಮೈದುನನಿಗೆ ಹೆಣ್ಣು ನೋಡಿದ್ದೆವು, ಮಾತು ಇನ್ನೂ ಮುಗಿದಿರಲಿಲ್ಲ. ಜನಗಣತಿಗೆ ಬಂದ ಮೇಷ್ಟ್ರು ಆ ಹೆಣ್ಣಿನ ಊರಿನವರು. ಮನೆಯ ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದರು. ಸುಳ್ಳು ಹೇಳು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

"ಎಷ್ಟು ಜನಾಮ್ಮ ಮನೇಲಿ?"

"ಆರು ಜನ ಸಾರ್."

"ಇನ್ಯಾರೂ ಇಲ್ವಾ? ಸರಿಯಾಗಿ ಹೇಳಮ್ಮ, ಬಿಟ್ಟೋದ್ರೆ ನನಗೆ ಬೈತಾರೆ."

"ಇನ್ಯಾರೂ ಇಲ್ಲ ಸಾರ್."

ಅವರು ಜಗಲಿಯ ಮೇಲೆ ಕೂತು ಆರು ಹೆಸರು ಬರೆದುಕೊಂಡರು. ಕೊನೆಯದು ನಿಮ್ಮ ಅಮ್ಮನದು, ಎಂಟು ತಿಂಗಳ ಮಗು. ಅವಳನ್ನು ಎತ್ತಿಕೊಂಡು ಅತ್ತಿಗೆ ಬಾಗಿಲ ಹಿಂದೆ ನಿಂತಿದ್ದರು. ಮೇಷ್ಟ್ರು ಬೀದಿ ತಿರುಗಿದ ಮೇಲೆ ಹೊರಗೆ ಬಂದರು.

"ಏನ್ ಹುಡುಗಿ, ಆರು ಜನಾನಾ? ಹಂಗಾರೆ ಈ ಮಗೂನ ಎತ್ಕೊಂಡಿರೋದು ಯಾರೇ, ದೆವ್ವಾನಾ?"

ಎಂದು ಜೋರಾಗಿ ನಕ್ಕರು. ನಾನು ಪೊರಕೆ ತೆಗೆದುಕೊಂಡು, ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದೆ. ಅತ್ತೆಯ ಹತ್ತಿರ ಅವರು ಈ ಮಾತು ಎತ್ತಲಿಲ್ಲ.

ಮೈದುನನ ಮದುವೆ ನಡೆಯಿತು. ಫೋಟೋದವನು ಬಂದಾಗ ಎಲ್ಲರೂ ಸಾಲಾಗಿ ನಿಂತರು, ಅತ್ತಿಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದರು. ಹೋಗಿ ಕರೆಯಬೇಕಾದವಳು ನಾನು. ಕರೆಯಲಿಲ್ಲ. ಮಾರನೇ ವರ್ಷ ಅವರು ತೀರಿಕೊಂಡರು. ಒಂದು ಪಟವೂ ಇಲ್ಲ. ನಿಮ್ಮ ಅಮ್ಮನಿಗೆ ಅವರ ನೆನಪಿಲ್ಲ, ಮನೆಯಲ್ಲಿ ಯಾರೂ ಅವರ ಮಾತೆತ್ತುತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಮೊದಮೊದಲು ಹೇಳಲು ನಾಚಿಕೆಯಾಗುತ್ತಿತ್ತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂದು ಸುಮ್ಮನಿದ್ದೆ.

ಲುಂಡ್‌ನಿಂದ ಬಂದ ಮೇಲೆ ಮೂರು ದಿನ ಊಟ ಸೇರಲಿಲ್ಲ. ಈ ಸಲ ಹೆಣ್ಣು ಕೊಡುವವರ ಭಯವೂ ಇರಲಿಲ್ಲ, ಆದರೂ ಬೆರಳು ಎರಡೇ ಎದ್ದಿದ್ದವು. ನಾಲ್ಕನೇ ದಿನ ನೀವು ಶಾಲೆಯಿಂದ ಬಂದ ಕೂಡಲೇ ದೊಡ್ಡವಳಿಗೆ ಹೇಳಿದೆ.

"ಫಾರ್ಮೋರ್‌ಗೆ ಫೋನ್ ಮಾಡು ಪುಟ್ಟಿ. ಇನ್ನೊಬ್ರು ಇದ್ರು ಅನ್ನು. ತಾತನ ಅಕ್ಕ."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಫೋನಿನಲ್ಲಿ ಅವರ ಕೂಗು ನನಗೂ ಕೇಳಿಸಿತು. ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿಸಿಕೊಂಡರು. ಹುಟ್ಟಿದ ವರ್ಷ ನನಗೆ ಗೊತ್ತಿರಲಿಲ್ಲ.

"ಭಾನುವಾರ ಯಾಕೆ ಹೇಳಿಲ್ಲ ಅಂತ ಕೇಳ್ತಿದಾರೆ, ಅಜ್ಜಿ."

"ಮರ್ತೋಯ್ತು ಅಂತ ಹೇಳು."

ದೊಡ್ಡವಳು ಹೇಳಿದಳು, ಕೇಳಿಸಿಕೊಂಡಳು, ನಕ್ಕಳು. "ಪರ್ವಾಗಿಲ್ವಂತೆ. ಅವರು ನಿನ್ನೆ ಕನ್ನಡಕ ಫ್ರಿಜ್‌ನಲ್ಲಿ ಇಟ್ಟಿದ್ರಂತೆ."

ನಿಮ್ಮ ಅಮ್ಮ ಮಾತ್ರ ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡುತ್ತಿದ್ದಳು. "ಸ್ವಂತ ಅತ್ತಿಗೇನ ಮರ್ತ್‌ಬಿಟ್ಯಾ? ನಂಗೊಬ್ರು ಸೋದರತ್ತೆ ಇದ್ರು ಅಂತ ಇವತ್ತು ಗೊತ್ತಾಗ್ತಿದೆಯಲ್ಲಮ್ಮ."

"ಹೂಂ" ಎಂದು ಒಳಗೆ ಎದ್ದುಹೋದೆ.

ಮುಖ ನೋಡಿಕೊಂಡು ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಕನ್ನಡ ಓದುವುದು ನಿಮಗೆ ಕಷ್ಟ, ಅಮ್ಮನೇ ಓದಿ ಹೇಳಬೇಕು. ಅವಳಿಗೂ ತಿಳಿಯಲಿ. ಫಾರ್ಮೋರ್ ಆ ಹಾಳೆಯ ಫೋಟೋ ಕಳಿಸಿದ್ದಾರೆ. ಅತ್ತಿಗೆಯ ಹೆಸರು ಸರಿಯಾಗಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಜ್ಜಿ ಮೊದಲು ಮರೆತಿದ್ದರು, ಎಂದು ಬರೆದಿದ್ದಾರೆ. ಅದನ್ನು ಅಳಿಸಲು ಹೇಳಿ. ಅಜ್ಜಿ ಬೇಕೆಂದೇ ಬಿಟ್ಟಿದ್ದಳು ಎಂದು ಬರೆಸಿ. ಮುಂದಿನ ಭಾನುವಾರ ಅವರು ನನ್ನನ್ನು ಹೇಗೆ ನೋಡುತ್ತಾರೋ ಗೊತ್ತಿಲ್ಲ. ಆದರೂ ಬರೆಸಿ.