ಹನುಮಪ್ಪನಿಗೆ ಎಡಸುತ್ತು ಹಾಕಿದ ವಿಮಾನಗಳು

ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಕಾಲಕ್ಕೆ ದಾರಿ ತೋರಿಸಲು ಪೊಲೀಸಿನವರು ಇರಲಿಲ್ಲ. ಮೊದಲು ಹಾರನ್ ಹೊಡೆದವನು ಮೊದಲು ಹೋಗುತ್ತಿದ್ದ, ಮಿಕ್ಕವನು ಬೈದು ಸುಮ್ಮನಾಗುತ್ತಿದ್ದ. ಆಕಾಶದಲ್ಲೂ ಸಂಸಾರ ಹೆಚ್ಚುಕಮ್ಮಿ ಹೀಗೇ ಎಂದು ನನಗೆ ತಿಳಿದದ್ದು ಅರವತ್ತರ ದಶಕದಲ್ಲಿ, ಕಲ್ಯಾಣದುರ್ಗದ ಕಡೆ ಕಡಲೆಕಾಯಿಗೆ ಕಂಬಳಿಹುಳ ಬಿದ್ದ ವರ್ಷ.

ಔಷಧಿ ಹೊಡೆಯಲು ಎರಡು ಪುಟ್ಟ ವಿಮಾನ ಬಂದವು. ಒಂದು ಹಳದಿ, ಒಂದು ಕೆಂಪು. ಸೆಟ್ಟೂರಿನ ದಾರಿಯಲ್ಲಿರುವ ನಮ್ಮ ದೊಡ್ಡಮ್ಮನ ಊರಿನ ಯಜಮಾನರು ತಮ್ಮ ಬೀಳುಹೊಲವನ್ನು ಅವು ಇಳಿಯಲು ಬಿಟ್ಟುಕೊಟ್ಟಿದ್ದರು. ಸುತ್ತ ಹತ್ತೂರಿನಲ್ಲಿ ಕಲ್ಲುಗುಂಡಿಲ್ಲದ ಸಪಾಟು ನೆಲವೆಂದರೆ ಅದೊಂದೇ. ಅದು ಕೈತಪ್ಪಿದರೆ ಆ ವರ್ಷದ ಬೆಳೆ ಹುಳದ ಪಾಲು.

ಕೃಷಿ ಇಲಾಖೆಯಲ್ಲಿದ್ದ ನನ್ನ ಕೆಲಸ ಎರಡು. ಗಾಳಿ ಯಾವ ಕಡೆಯದೆಂದು ತೋರಿಸುವ ಬಟ್ಟೆಚೀಲವನ್ನು ಗಳಕ್ಕೆ ಏರಿಸುವುದು, ಮೇಕೆಗಳನ್ನು ಓಡಿಸುವುದು. ಟವರ್ ಇಲ್ಲ, ರೇಡಿಯೋ ಇಲ್ಲ. ಕೆಂಪು ವಿಮಾನದ ಕನ್ನಡಕದ ಪೈಲಟ್ಟು ನಿಯಮ ಹೇಳಿಕೊಟ್ಟಿದ್ದರು: ಬಂದವರು ಚೀಲ ನೋಡಬೇಕು, ಹೊಲವನ್ನು ಎಡಗೈ ಕಡೆ ಇಟ್ಟುಕೊಂಡು ಸುತ್ತು ಹಾಕಬೇಕು, ಕೆಳಗಿರುವವನು ಮೊದಲು ಇಳಿಯಬೇಕು, ಕಣ್ಣು ನಾಲ್ಕೂ ಕಡೆ ಇರಬೇಕು. ಎಲ್ಲರೂ ಒಂದೇ ಕಡೆಗೆ ಸುತ್ತಿದರೆ ಯಾರಿಗೂ ಯಾರೂ ಎದುರಾಗುವುದಿಲ್ಲ.

ತೊಂದರೆ ಹೊಲದ ಬದಿಯ ಹನುಮಪ್ಪನ ಗುಡಿಯದು. ಹೊಲವನ್ನು ಸುತ್ತಿದರೆ ಗುಡಿಯನ್ನೂ ಸುತ್ತಿದಂತೆ. ಎರಡನೆಯ ದಿನವೇ ಯಜಮಾನರು ಟವಲು ಹೆಗಲಿಗೆ ಎಸೆದುಕೊಂಡು ಬಂದರು.

"ಏನಪ್ಪಾ, ನಿನ್ ಇಮಾನ ದೇವ್ರನ್ನ ಎಡಕ್ಕೆ ಸುತ್ತಾವಲ್ಲ? ಎಡಕ್ಕೆ ಸುತ್ತೋದು ಹೆಣಾನ ಕಣಪ್ಪ, ದೇವ್ರನ್ನಲ್ಲ."

"ಪ್ರಪಂಚದಲ್ಲೆಲ್ಲಾ ಹಂಗೇ ಸುತ್ತೋದಂತೆ, ಯಜಮಾನ್ರೇ."

"ಪ್ರಪಂಚ ನನ್ ಹೊಲದಾಗೆ ಇಳೀತದಾ?"

ಇದನ್ನು ಕೇಳುತ್ತ ನಿಂತಿದ್ದವರು ಹಳದಿ ವಿಮಾನದ ಮೀಸೆಯ ಪೈಲಟ್ಟು. ಬಹಳ ಒಳ್ಳೆಯವರು, ದೈವಭಕ್ತರು. "ಸರೇ ಪೆದ್ದಾಯನಾ, ನೇನು ಕುಡಿವೈಪೇ ತಿರುಗುತಾ," ಬಲಕ್ಕೇ ಸುತ್ತುತ್ತೇನೆ ಬಿಡಿ ಎಂದು ತೆಲುಗಿನಲ್ಲಿ ಮಾತು ಕೊಟ್ಟುಬಿಟ್ಟರು. ಯಜಮಾನರಿಗೆ ತೃಪ್ತಿಯಾಯಿತು. ಆದರೆ ಕೆಂಪು ವಿಮಾನ ಆಗ ಮೇಲೆ ಹಾರುತ್ತಿತ್ತು. ಇಳಿದ ಮೇಲೆ ಕನ್ನಡಕದವರಿಗೆ ಈ ಒಪ್ಪಂದವನ್ನು ಹೇಳಬೇಕೆಂದು ಮೂವರಲ್ಲಿ ಒಬ್ಬರಿಗೂ ತೋಚಲಿಲ್ಲ. ದೇವರ ಕೆಲಸ ತಾನೇ, ದೇವರೇ ಹೇಳಿಕೊಳ್ಳಲಿ ಎಂಬಂತೆ ಹೋಗಿ ಮಲಗಿದೆವು.

ಮರುದಿನ ಬೆಳಿಗ್ಗೆ ಎರಡೂ ವಿಮಾನಗಳು ಔಷಧಿ ತುಂಬಿಸಿಕೊಳ್ಳಲು ಒಟ್ಟಿಗೇ ಮರಳಿದವು. ಕೆಂಪಿನದು ಎಡಸುತ್ತು, ಹಳದಿಯದು ಬಲಸುತ್ತು. ಗುಡಿಯ ಗೋಪುರದ ಮೇಲೆ ಬೀಗರು ಎದುರುಗೊಳ್ಳುವಂತೆ ಮುಖಾಮುಖಿ ಬಂದವು. ನಾನು ಗಳ ಹಿಡಿದು ನಿಂತಲ್ಲೇ ಕೂತೆ. ಕೆಂಪು ಹುಣಸೆತೋಪಿನ ಕಡೆಗೆ ಹೊರಳಿತು, ಹಳದಿ ಕೆರೆಯ ಕಡೆಗೆ ಜಾರಿತು. ಯಜಮಾನರ ತಲೆಯ ಮೇಲಿನ ಟವಲು ಎಲ್ಲಿ ಹಾರಿತೋ, ಆಮೇಲೆ ಸಿಗಲೇ ಇಲ್ಲ.

ಹೇಗೋ ಇಳಿದರು. ಕನ್ನಡಕದವರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಕೊನೆಗೆ, ಎಲ್ಲರೂ ಎಡಕ್ಕೆ ಸುತ್ತದಿದ್ದರೆ ತಾನು ಹಾರುವುದಿಲ್ಲ ಎಂದರು. ಎಡಕ್ಕೆ ಸುತ್ತಿದರೆ ಹೊಲ ಖಾಲಿ ಮಾಡಿ ಎಂದರು ಯಜಮಾನರು. ಅತ್ತ ಹುಳಗಳು ಯಾರ ಮಾತನ್ನೂ ಕೇಳದೆ ಎಲೆ ತಿನ್ನುತ್ತಿದ್ದವು.

ನನಗೆ ಬುತ್ತಿ ತಂದಿದ್ದ ದೊಡ್ಡಮ್ಮ ಸಂಗತಿ ಕೇಳಿದಳು. ವರಸೆಯಲ್ಲಿ ಅವಳು ಯಜಮಾನರಿಗೆ ಅಕ್ಕ.

"ಲೋ ತಮ್ಮಾ, ನಿನ್ ಕಣದಾಗೆ ರಾಗಿ ತುಳಿಯೋ ಎತ್ತು ಯಾವ ಕಡೀಕೆ ತಿರುಗ್ತಾವ್ಲಾ?"

"ಎಡಕ್ಕೆ."

"ಒಂದು ಎಡಕ್ಕೆ, ಒಂದು ಬಲಕ್ಕೆ ಹೊಡುದ್ರೆ?"

"ಕೊಂಬಿಗೆ ಕೊಂಬು ಹತ್ತುತಾವೆ. ಅದಕ್ಕೇನೀಗ?"

"ಎಡಕ್ಕೆ ತುಳ್ದ ರಾಗಿ ಅಂತ ಮುದ್ದೆ ಉಣ್ಣೋದು ಬುಟ್ಟಿದ್ದೀಯಾ? ನಿನ್ ಮೈ ನೋಡುದ್ರೆ ಬುಟ್ಟಂಗೆ ಕಾಣಾಕಿಲ್ಲ."

ಯಜಮಾನರು ತಮ್ಮ ಹೊಟ್ಟೆಯನ್ನು ಒಮ್ಮೆ, ಆಕಾಶವನ್ನು ಒಮ್ಮೆ ನೋಡಿದರು. "ಅದ್ನೂ ಕಣ ಅಂದ್ಕೊಂಡ್ಬುಟ್ರೆ ಆಯ್ತು," ಎಂದರು. ಆದರೂ ಯಜಮಾನಿಕೆ ಬಿಟ್ಟಾರೆಯೇ? ಔಷಧಿ ಹೊಡೆದು ಮುಗಿದ ಮೇಲೆ ಪೈಲಟ್ಟುಗಳಿಬ್ಬರೂ ಗುಡಿಗೆ ಕಾಲ್ನಡಿಗೆಯಲ್ಲಿ ಪ್ರದಕ್ಷಿಣೆ ಹಾಕಿ ಬಾಕಿ ತೀರಿಸಬೇಕೆಂದು ಕಟ್ಟುಮಾಡಿದರು. ಇಬ್ಬರೂ ಒಪ್ಪಿದರು.

ಅಲ್ಲಿಂದ ಮುಂದೆ ಎರಡೂ ಎಡಕ್ಕೇ ಸುತ್ತಿದವು. ಹುಳ ಸತ್ತವು, ಕಡಲೆಕಾಯಿ ಗಿಡ ಚಿಗುರಿತು.

ಹೊರಡುವ ದಿನ ಪೈಲಟ್ಟುಗಳು ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋದರು. ಗರ್ಭಗುಡಿಯ ಹಿಂದಿನ ಓಣಿ ಒಬ್ಬರು ಹೋದರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಇಕ್ಕಟ್ಟು. ಮೀಸೆಯವರು ಭಕ್ತಿಯಿಂದ ಕಣ್ಣು ಅರೆಮುಚ್ಚಿ ನಡೆದರು. ಕನ್ನಡಕದವರು ಬಾಗಿಲಲ್ಲಿ ಕ್ಷಣ ನಿಂತರು, ಅಭ್ಯಾಸಬಲದಿಂದ ಎಡಗೈ ಕಡೆ ದೇವರನ್ನು ಇಟ್ಟುಕೊಂಡು ಹೊರಟರು. ಹಿಂದುಗಡೆ ಹಣೆಗೆ ಹಣೆ ಹೊಡೆದ ಸದ್ದು ಹೊರಗಿದ್ದ ನಮಗೂ ಕೇಳಿಸಿತು.

"ಕೆಳಗಿದ್ದೋರು ಮೊದ್ಲು ಬರ್ರಪ್ಪಾ," ಎಂದರು ಯಜಮಾನರು, ಗಂಟೆಯ ಹಗ್ಗ ಹಿಡಿದುಕೊಂಡು.