ಗಜನಿ ಗದ್ದೆಯ ಪರಿಹಾರದ ಚೆಕ್

ಅಂಕೋಲೆ ಹತ್ತಿರದ ಅವರ್ಸಾದಲ್ಲಿ, ಹೊಳೆ ಸಮುದ್ರ ಸೇರುವ ಕಡೆಯ ತಗ್ಗಿನಲ್ಲಿದ್ದ ನಮ್ಮ ಗಜನಿ ಗದ್ದೆ ನನ್ನ ಹೆಂಡತಿಯ ಹೆಸರಿನಲ್ಲಿತ್ತು. ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಬದುವಿನ ಬಾಗಿಲಿಗೆ ಹಲಗೆ ಹಾಕುತ್ತಿದ್ದೆವು. ಭತ್ತದ ಕೊಯ್ಲು ಮುಗಿದ ಮೇಲಷ್ಟೇ ಹಲಗೆ ಎತ್ತಿ, ಭರತದ, ಅಂದರೆ ಸಮುದ್ರದ ಉಬ್ಬರದ, ನೀರಿನೊಂದಿಗೆ ಬರುವ ಸೀಗಡಿ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಸೀಗಡಿಯ ಆಸೆಗೆ ಬಿದ್ದು, ತೆನೆ ಬಲಿಯುವ ಮೊದಲೇ ಹಲಗೆ ಎತ್ತಿಬಿಟ್ಟೆ. ಉಪ್ಪುನೀರಿಗೆ ಪೈರೆಲ್ಲ ಸುಟ್ಟಂತೆ ಕರಕಲಾಯಿತು. ಸಮುದ್ರ ಉಕ್ಕಿ ಬೆಳೆ ಹಾಳಾಯಿತೆಂದು ಸರ್ಕಾರದ ಪರಿಹಾರಕ್ಕೆ ನಾನೇ ಅರ್ಜಿ ಬರೆದೆ. ಓದು ಬಾರದ ಅವಳು ಅದರಲ್ಲಿ ಏನಿದೆ ಎಂದು ಕೇಳದೆ, ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದಳು.

ಚೆಕ್ ಹಂಚುವ ದಿನ ಗ್ರಾಮಲೆಕ್ಕಿಗರು ಆ ಅರ್ಜಿಯನ್ನು ಎಲ್ಲರೆದುರು ಓದಿದರು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಸಮುದ್ರ ಎಂತ ಮಾಡ್ತು ಸಾಯ್ಬ್ರೆ? ಹಲಗಿ ಎತ್ತಿದವ್ರು ಇವ್ರೇ. ನಂಗೆ ಚೆಕ್ ಬ್ಯಾಡ.”

ಸಾಲಿನಲ್ಲಿದ್ದ ಪಕ್ಕದ ಗದ್ದೆಯವನು ನನ್ನತ್ತ ತಿರುಗಿ ನಕ್ಕ. “ಏನ್ ಭಾವ, ಸೀಗಡಿ ಸಾರು ರುಚಿ ಇತ್ತಾ?”

“ನೀ ನಗಬ್ಯಾಡ ತಮಾ,” ಎಂದಳು ಅವಳು. “ನಿನ್ ಗದ್ದಿಗೆ ನೀರು ನುಗ್ಗಿದ್ದೂ ನಮ್ಮಿಂದ್ಲೇ. ನಿಂದು ಖರೇ ಹಾನಿ, ನೀ ಚೆಕ್ ತಕಾ.”

ಅವನ ನಗು ನಿಂತಿತು. “ಹೌದೇನ್ರಿ?” ಎಂದು ಗ್ರಾಮಲೆಕ್ಕಿಗರು ನನ್ನನ್ನು ಕೇಳಿದರು. ಅವಳ ಮೇಲಿನ ಸಿಟ್ಟಿನಲ್ಲಿ ನಾನು ಎದ್ದು ಮನೆಗೆ ಬಂದೆ.

ಅಂದು ಕೊಡದ ಉತ್ತರವನ್ನು ಈಗ ಕೊಡುತ್ತಿದ್ದೇನೆ. ಹೌದು, ನಾನೇ. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಿಜ ಹೇಳಲು ಅವಳಿಗೆ ಅರ್ಜಿ ಕೇಳಿದಷ್ಟು ಹೊತ್ತೇ ಸಾಕಾಯಿತು. ಅಂಕೋಲೆಯ ಪೇಟೆಯಲ್ಲಿ ಯಾರಾದರೂ “ಚೆಕ್ ಬ್ಯಾಡ ಅಂದವ್ರ ಯಜಮಾನ್ರು ನೀವೇ ಅಲ್ದಾ?” ಎಂದು ಕೇಳಿದರೆ, ನಾನು ತಲೆಯೆತ್ತಿಯೇ ಹೌದೆನ್ನುತ್ತೇನೆ.